ಹೆಬ್ಬೆಟ್ಟಿನ ಬಿಲ್ಲು

ಸಂಶಿಯ ನಮ್ಮ ಅಂಗಡಿಯ ಲೆಕ್ಕ ಬರೆಯುತ್ತಿದ್ದ ದಿವಾನಜಿ ಯಾವ ಬಿಲ್ಲನ್ನೂ ಮೊದಲು ಓದುತ್ತಿರಲಿಲ್ಲ. ಚೀಲ ಬಿಚ್ಚಿಸಿ ಕೈಹಾಕಿ ನೋಡುತ್ತ, “ಮೊದಲ ಮಾಲು, ಆಮ್ಯಾಲ ಕಾಗದ” ಎನ್ನುತ್ತಿದ್ದರು. ಬುಟ್ಟಿ ಹೆಣೆದು ತರುವ ಮುದುಕಿಗೆ ಬರೆಯಲು ಬಾರದು. ಅವಳ ಬಿಲ್ಲನ್ನು ತಾವೇ ಬರೆದು, ಹೆಬ್ಬೆಟ್ಟು ಒತ್ತಿಸಿ, ತಂತಿಗೆ ಚುಚ್ಚುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ನಾನು ಲೆಕ್ಕಕ್ಕೆಂದು ಬಿಲ್ಲುಗಳನ್ನೆಲ್ಲ ಹುಬ್ಬಳ್ಳಿಯ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸತೊಡಗಿದೆ. ಅಚ್ಚಾದ ಬಿಲ್ಲಿದ್ದವರಿಗಷ್ಟೇ ಇನ್ನು ಹಣ ಎಂದು ದಿವಾನಜಿಗೆ ಹೇಳಿದೆ.

“ಬುಟ್ಟಿ ಆಯಿಗ್ರಿ?”

“ಅಕಿನೂ ಅಚ್ಚಿನ ಬಿಲ್ ತರ್ಲಿ ಕಾಕಾ.”

ಮುದುಕಿಯ ಅಚ್ಚಿನ ಬಿಲ್ಲು ಬರಲಿಲ್ಲ; ಆದರೂ ಬುಟ್ಟಿಗಳು ಬರುತ್ತಲೇ ಇದ್ದವು. ಹಣ ಯಾರು ಕೊಡುತ್ತಿದ್ದಾರೆಂದು ನಾನು ಕೇಳಲಿಲ್ಲ.

ವರ್ಷದ ಮೇಲೆ, ಕಾಯಿಲೆ ಬಿದ್ದ ಅವರನ್ನು ನೋಡಲು ಮನೆಗೆ ಹೋದೆ. ಗೋಡೆಯ ತಂತಿಯಲ್ಲಿ ನಮ್ಮ ಅಂಗಡಿಯ ಹೆಸರಿಗೆ ಬರೆದ ಬಿಲ್ಲುಗಳಿದ್ದವು, ಎಲ್ಲದರ ಮೇಲೂ ಮುದುಕಿಯ ಹೆಬ್ಬೆಟ್ಟು.

“ನಿಮ್ಮ ಪಗಾರದಾಗ ಕೊಟ್ರೇನು, ಕಾಕಾ?”

“ಮಾಲು ಬಂದಿತ್ತಲ್ರಿ,” ಎಂದರು.