ಸೀಲಿಗೆ ಬಳಿದ ವಿಭೂತಿ

ಬೇರೆಯವರ ಮನೆ ಮುಂದೆ ಸ್ಕೂಟರ್ ನಿಂತರೆ, ಅಶೋಕಪುರಂನ ನಮ್ಮ ಮನೆ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ತೊಂಬತ್ತರ ದಶಕದ ಮಾತು. ವಾರವೆಲ್ಲ ಹೂಟಗಳ್ಳಿಯ ಕಾರ್ಖಾನೆಯಲ್ಲಿ ತಲೆ ತಗ್ಗಿಸಿ ದುಡಿಯುವ ನಮ್ಮ ಯಜಮಾನರು ಭಾನುವಾರ ಅದನ್ನೇರಿ ಕಡಕೊಳದ ಹತ್ತಿರದ ಹೊಲಕ್ಕೆ ಹೊರಟರೆಂದರೆ ಗತ್ತೇ ಗತ್ತು. ತಿರುವಿನಲ್ಲಿ ನರಪಿಳ್ಳೆ ಇಲ್ಲದಿದ್ದರೂ ಹಾರನ್ ಹೊಡೆಯುವರು.

ಒಂದು ಮುಂಗಾರಿಗೆ ಅದರ ಹೈಡ್ರಾಲಿಕ್ ಪಂಪಿನ ಸೀಲು ಹೋಯಿತು. ಸೀಲೆಂದರೆ ಬಳೆಯಂಥ ರಬ್ಬರ್ ಉಂಗುರ, ಅಷ್ಟೇ. ಅದು ಸೋರಿದರೆ ನೇಗಿಲು ಸರಿಯಾಗಿ ಮೇಲೇಳದು, ಎಣ್ಣೆಯೆಲ್ಲ ನನ್ನ ರಂಗೋಲಿಯ ಮೇಲೆ. ದಿನಾ ಬೆಳಿಗ್ಗೆ ಉಜ್ಜಿ ಉಜ್ಜಿ ನನಗೆ ರೇಗಿಹೋಯಿತು. ಕೊಳ್ಳುವವರೊಬ್ಬರನ್ನು ನಾನೇ ಗೊತ್ತುಮಾಡಿ, ಭಾನುವಾರದೊಳಗೆ ಸೋರುವುದು ನಿಲ್ಲದಿದ್ದರೆ ಸೋಮವಾರ ಕೊಟ್ಟುಬಿಡಬೇಕು ಎಂದೆ. ಯಜಮಾನರು ಹೂಂ ಎಂದರು. ಆವತ್ತು ಮುದ್ದೆ ಅರ್ಧ ತಟ್ಟೆಯಲ್ಲೇ ಉಳಿಯಿತು.

ಶನಿವಾರ ಪಂಪು ಬಿಚ್ಚಿ, ಹಳೇ ಸೀಲು ಕಿತ್ತು ಹೊಸದು ಕೂರಿಸಿದರು. ಸಂಜೆಗೆ ಮತ್ತೆ ತೊಟ ತೊಟ. ಬರದ ಕೆಲಸದ ಉಸಾಬರಿ ಯಾಕೆ ಎಂದು ನಾನು ಚುಚ್ಚಿದೆ. ಭಾನುವಾರ ಅವರು ಮತ್ತೆ ಬಿಚ್ಚಿದರು. ರಬ್ಬರಿನ ಅಂಚಿನಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡು, ಅದರ ಸಂದಿನಿಂದಲೇ ಎಣ್ಣೆ ಜಿನುಗಿತ್ತು. ತಿಕ್ಕಿ, ಮೂಸಿ ನೋಡಿದರು. ವಿಭೂತಿ.

ನಮ್ಮ ಅತ್ತೆಯ ಕೆಲಸ. ಮನೆಗೆ ಹೊಸದಾಗಿ ಮಿಕ್ಸಿ ಬರಲಿ, ಕೊಡೆ ಬರಲಿ, ದೇವರ ಮುಂದಿಟ್ಟು ಅವರು ವಿಭೂತಿ ಹಚ್ಚದೆ ಬಳಸುವ ಹಾಗಿರಲಿಲ್ಲ. ಮಗನ ಟ್ರ್ಯಾಕ್ಟರ್ ಉಳಿಯಲಿ ಎಂದು ಸೀಲಿಗೆ ಒಳಗೂ ಹೊರಗೂ ಧಾರಾಳವಾಗಿಯೇ ಬಳಿದಿದ್ದರು. ಮಗರಾಯರೋ, ದೇವರ ಮನೆಯಿಂದ ಬಂದದ್ದನ್ನು ಒರೆಸಬಾರದೆಂದು ಕಣ್ಣಿಗೊತ್ತಿಕೊಂಡು ಹಾಗೇ ಕೂರಿಸಿದ್ದರು!

ಅವರು ಜೇಬಿನಿಂದ ಇನ್ನೊಂದು ಸೀಲು ತೆಗೆದರು. ಇರಲಿ ಎಂದು ಜೊತೆಗೇ ತಂದಿದ್ದರಂತೆ. ಅತ್ತೆ ಆಗಲೇ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ವಿಷಯ ಹೇಳಿಬಿಡಿ ಎಂದು ನಾನು ಪಿಸುಗುಟ್ಟಿದೆ.

"ನಿನ್ನ ವಿಭೂತಿಯಿಂದ್ಲೇ ಕೆಡ್ತು ಅಂತ ಅವ್ವಂಗೆ ಹೆಂಗೆ ಹೇಳ್ಲಿ? ಟ್ರ್ಯಾಕ್ಟರ್ ಹೋದ್ರೆ ಹೋಗ್ಲಿ ಬುಡು," ಎಂದರು.

ಅವರ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಇಳಿದುಹೋಯಿತು.

"ಅತ್ತೆ, ಈ ಸಲ ಸೀಲಿಗೆ ಬ್ಯಾಡ, ಇವ್ರಿಗೆ ಹಚ್ಚಿ. ದೃಷ್ಟಿ ಆಗಿರೋದು ಇವ್ರಿಗೇ," ಎಂದೆ.

ಅತ್ತೆಗೆ ಅದು ಸರಿಯೆನಿಸಿತು. ಗ್ರೀಸ್ ಮೆತ್ತಿದ್ದ ಮಗನ ಹಣೆಯನ್ನು ಸೆರಗಿನಲ್ಲಿ ಒರೆಸಿ ಉದ್ದಕ್ಕೂ ಪಟ್ಟೆ ಎಳೆದರು. ಯಜಮಾನರು ಸೀಲಿಗೆ ಎಣ್ಣೆ ಸವರಿ ಕೂರಿಸಿದರು.

ಸೋಮವಾರ ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ನೀರು ಚಿಮುಕಿಸಿ ರಂಗೋಲಿ ಬಿಟ್ಟೆ. ಅತ್ತೆ ಬಗ್ಗಿ ಪಂಪಿನ ಕೆಳಗೆ ಕೈಯಾಡಿಸಿ ನೋಡಿದರು.

"ಮೊದಲ್ನೇ ಸಲ ನಾನು ಹಚ್ಚಿದ್ದು ಸಾಲ್ದಾಗಿತ್ತು ಕಣಮ್ಮ," ಎಂದರು.

ಯಜಮಾನರು ನನ್ನ ಮುಖ ನೋಡಿದರು. ನಾನು ಹೌದತ್ತೆ ಎಂದೆ. ಕೊಳ್ಳುವವರು ಬಂದಾಗ ಕಾಫಿ ಕೊಟ್ಟು, ಟ್ರ್ಯಾಕ್ಟರ್ ಮಾರುವುದಿಲ್ಲವೆಂದು ನಾನೇ ಹೇಳಿ ಕಳಿಸಿದೆ.