ಇಟಲಿಗೆ ಹೊರಟ ಪಿಯಾನೊ

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ಧಾರವಾಡದಲ್ಲಿ ನನ್ನ ಸೋದರತ್ತೆ, ತೀರಿಹೋದ ಮಾವ ಹಿತ್ತಲಲ್ಲಿ ಕೆಮ್ಮಿದ್ದು ಕೇಳಿಸಿತು ಎಂದಾಗ, ಅದು ಪಕ್ಕದ ಮನೆಯವರ ಕೆಮ್ಮು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಲಂಡನ್ನಿನ ಹ್ಯಾರೋದಲ್ಲಿದ್ದೆವು. ನಮ್ಮವರು ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಮನೆಸಾಮಾನು ಸಾಗಿಸುವ ಸಣ್ಣ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಶೀತಲ ಸಮರ ಮುಗಿದು, ಅಮೆರಿಕದವರು ಯುರೋಪಿನ ತಮ್ಮ ಪಡೆಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ ಕಾಲ ಅದು. ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್ ಜಾಗ ಬದಲಿಸುತ್ತದೆ ಎಂದರೆ ವಿಮಾನಗಳೇನೋ ಒಂದು ಬೆಳಿಗ್ಗೆ ಹಾರಿಹೋಗುತ್ತವೆ. ಅದರ ಹಿಂದೆ ಮೆಕ್ಯಾನಿಕ್ಕುಗಳು, ಗುಮಾಸ್ತರು, ಅವರ ಹೆಂಡತಿ ಮಕ್ಕಳು, ಸೋಫಾ, ಮಂಚ, ಮಕ್ಕಳ ಸೈಕಲ್ಲು ಎಲ್ಲ ಹೋಗಬೇಕಲ್ಲ? ಅದು ನಮ್ಮ ಕೆಲಸ. ವಿಮಾನಗಳಿದ್ದದ್ದು ದೂರದ ಹಳ್ಳಿಗಾಡಿನಲ್ಲಿ. ಅವರ ಲಂಡನ್ ಆಫೀಸಿನಲ್ಲಿ ದುಡಿಯುತ್ತಿದ್ದವರ ಕುಟುಂಬಗಳು ಮಾತ್ರ ನಮ್ಮ ಸುತ್ತಮುತ್ತಲೇ ಬಾಡಿಗೆಗಿದ್ದವು.

ಆ ಚಳಿಗಾಲ ನಮಗೆಲ್ಲ ತಲೆ ಚಿಟ್ಟು ಹಿಡಿದಿತ್ತು. ಸ್ಕ್ವಾಡ್ರನ್ ಜರ್ಮನಿಗೆ ಹೋಗುತ್ತದೆ ಎಂದರು, ಪೆಟ್ಟಿಗೆ ಕಟ್ಟಿದೆವು. ತಡೆಯಿರಿ ಎಂದರು, ಬಿಚ್ಚಿದೆವು. ಆಮೇಲೆ ಇಟಲಿ ಎಂದರು, ಮತ್ತೆ ಕಟ್ಟಿದೆವು. ಆದೇಶ ಹೊರಡಿಸಿದವರು ಎಲ್ಲೋ ಇರುತ್ತಿದ್ದರು, ಫೋನಿನಲ್ಲಿ ಬೈಸಿಕೊಳ್ಳುವವಳು ನಾನು.

ಬೈಯದೆ ಇದ್ದವಳು ಕ್ಯಾರಲ್ ಒಬ್ಬಳೇ. ಸಾರ್ಜೆಂಟ್ ಒಬ್ಬನ ಹೆಂಡತಿ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅವಳಿಗಿದ್ದ ಚಿಂತೆಯೆಲ್ಲ ತಾಯಿ ಬಿಟ್ಟುಹೋದ ಪಿಯಾನೊದ್ದು. “ಬೇರೆ ಏನು ಮುರಿದರೂ ಸರಿ, ಅದೊಂದನ್ನು ನೋಡಿಕೋ,” ಎಂದು ಹೇಳಿ, ಗಂಡ ಮತ್ತು ಮಗಳ ಜೊತೆ ಮೊದಲೇ ಇಟಲಿಗೆ ಹೊರಟುಹೋದಳು.

ಅವರ ಸಾಮಾನು ಹೊರಡಬೇಕಿದ್ದ ಮಧ್ಯಾಹ್ನ ನಾನು ಆಫೀಸಿನಲ್ಲಿ ಒಬ್ಬಳೇ ಇದ್ದೆ. ನಮ್ಮ ಮ್ಯಾನೇಜರ್ ಬ್ರಯನ್ ಹಿಂದಿನ ಅಂಗಳದಲ್ಲಿ ಲಾರಿ ತುಂಬಿಸುತ್ತಿದ್ದ. ಬಾಗಿಲು ತಳ್ಳಿಕೊಂಡು ಕ್ಯಾರಲ್ ಬಂದಳು. ನೀಲಿ ಕೋಟು, ಭುಜದ ಮೇಲೆ ತುಂತುರು ಹನಿ. ನನಗೆ ಹೆದರಿಕೆ ಆಗಲಿಲ್ಲ. ಏನನ್ನೋ ಮರೆತು ವಾಪಸ್ಸು ಬಂದಿದ್ದಾಳೆ ಅಂದುಕೊಂಡೆ. ಟೀ ಮಾಡಿಕೊಟ್ಟೆ. ಎರಡೂ ಕೈಯಲ್ಲಿ ಮಗ್ಗು ಹಿಡಿದು ಕುಡಿದಳು.

“ನನ್ನ ಪಿಯಾನೊ ಇಳಿಸಿಬಿಡು,” ಅಂದಳು. “ನಾವು ಇಟಲಿಯಲ್ಲಿ ನಿಲ್ಲುವುದಿಲ್ಲ. ಎಲ್ಲರನ್ನೂ ಜರ್ಮನಿಗೆ ಕಳಿಸುತ್ತಾರೆ.”

“ಮತ್ತೆ ಬದಲಾಯಿತೇ? ನನಗೆ ಯಾರೂ ಹೇಳಲಿಲ್ಲವಲ್ಲ!”

“ಹೇಳುತ್ತಾರೆ.”

ಅವಳ ದನಿಯಲ್ಲಿ ಸುಸ್ತು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಹಿಂದಿನ ಬಾಗಿಲಿಗೆ ಓಡಿ, ಲಾರಿ ನಿಲ್ಲಿಸಿ ಎಂದು ಕೂಗಿದೆ. ತಿರುಗಿ ಬರುವಷ್ಟರಲ್ಲಿ ಅವಳಿರಲಿಲ್ಲ. ಮಗ್ಗು ಅರ್ಧ ಖಾಲಿಯಾಗಿತ್ತು, ಇನ್ನೂ ಬೆಚ್ಚಗಿತ್ತು.

ಬ್ರಯನ್ ಸೇನೆಯ ಕಚೇರಿಗೆ ಫೋನ್ ಮಾಡಿ ಕೇಳಿದ. ಯಾವ ಬದಲಾವಣೆಯೂ ಇಲ್ಲ ಎಂದರು. ಆದರೂ ಸಾಮಾನಿನ ಒಡತಿಯೇ ಬಂದು ಬೇಡ ಎಂದಮೇಲೆ ಅವನೇನು ಮಾಡಿಯಾನು? ಗೊಣಗುತ್ತ ಕ್ಯಾರಲ್ ಮನೆಯದನ್ನಷ್ಟೇ ಇಳಿಸಿ, ಉಳಿದವರದನ್ನು ಕಳಿಸಿದ. ಸಂಜೆ ನಾನು ಬ್ಯಾಗು ಹೆಗಲಿಗೇರಿಸುತ್ತಿದ್ದಾಗ ಇಟಲಿಯಿಂದ ಫೋನ್ ಬಂತು. ಕ್ಯಾರಲ್.

“ನನ್ನ ಪಿಯಾನೊ ಹೊರಟಿತೇ?”

ನಾನು ನಕ್ಕುಬಿಟ್ಟೆ. ನೀನೇ ಬಂದು ಇಳಿಸಲು ಹೇಳಿದೆಯಲ್ಲ ಎಂದೆ. “ನಾನು ಎಲ್ಲಿಗೂ ಬಂದಿಲ್ಲ. ಮಗಳಿಗೆ ಜ್ವರ. ಬೆಳಗಿನಿಂದ ಅವಳ ಪಕ್ಕದಲ್ಲೇ ಕೂತಿದ್ದೇನೆ,” ಎಂದಳು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ.

“ನಿನಗ ನಿದ್ದಿ ಸಾಲವಲ್ದು. ಎರಡ ದಿನ ರಜಾ ಹಾಕು,” ಅಂದರು.

“ಕನಸಿನ್ಯಾಗ ಬಂದಾಕಿ ಟೀ ಕುಡದು ಹೋಗ್ತಾಳೇನ್ರೀ? ಮಗ್ಗು ನಾನೇ ತೊಳದೀನಿ.”

ಅವರು ಟೀವಿ ಕಡೆ ತಿರುಗಿದರು. ಇಳಿಸಿದ ಸಾಮಾನು ಇಟಲಿಯ ಮುಂದಿನ ಲಾರಿಗೆ ಕಾಯಬೇಕಾಯಿತು. ಆಫೀಸಿನಲ್ಲಿ ಬ್ರಯನ್ ನನ್ನೊಡನೆ ಮಾತು ಬಿಟ್ಟ. ಬೇರೆ ಕೆಲಸ ಹುಡುಕಿಕೊಳ್ಳುವುದು ಒಳ್ಳೆಯದು ಎಂದು ಒಮ್ಮೆ ಮಾತ್ರ ಹೇಳಿದ.

ಕೆಲವು ದಿನ ಕಳೆದ ಮೇಲೆ ಆದೇಶ ಬದಲಾಯಿತು. ಸ್ಕ್ವಾಡ್ರನ್ ಇಟಲಿಯಲ್ಲಿ ಇರುವುದಿಲ್ಲ, ಜರ್ಮನಿಗೆ ಹೋಗುತ್ತದೆ. ಇಟಲಿಯಲ್ಲಿ ಇಳಿಸಿದ್ದ ಮನೆಮನೆಗಳ ಸಾಮಾನನ್ನು ಮತ್ತೆ ಲಾರಿಗೆ ಹೇರಿ ಆಲ್ಪ್ಸ್ ಬೆಟ್ಟ ದಾಟಿಸಬೇಕಾಯಿತು. ಕ್ಯಾರಲಳ ಪಿಯಾನೊ ಮಾತ್ರ ನಮ್ಮ ಗೋದಾಮಿನಲ್ಲಿ ಕಂಬಳಿ ಹೊದ್ದು ನಿಂತಿತ್ತು. ಬ್ರಯನ್ ನನಗೆ ಕೇಕ್ ತಂದುಕೊಟ್ಟ. ನಾನು ಆ ಕೇಕ್ ತಿಂದು ಮುಗಿಸುವ ಮೊದಲೇ ಸೇನೆಯ ಅಧಿಕಾರಿಯೊಬ್ಬರು ಬಂದು ನನ್ನೆದುರು ಕೂತರು. ಲಂಡನ್ನಿನ ಒಬ್ಬ ಗುಮಾಸ್ತೆಗೆ ಈ ವಿಷಯ ಮೊದಲೇ ತಿಳಿದಿತ್ತಂತೆ ಎಂಬ ಮಾತು ಅವರ ಕಚೇರಿಯವರೆಗೆ ಹೋಗಿತ್ತು.

ಬಹಳ ಸಭ್ಯ ಮನುಷ್ಯ. ಯಾರು ಹೇಳಿದರು ಎಂದು ಕೇಳಿದರು. ಕ್ಯಾರಲ್ ಎಂದೆ. ಅವಳು ಆ ದಿನ ಇಟಲಿಯಲ್ಲಿದ್ದಳು ಎಂದರು. ಗೊತ್ತು ಎಂದೆ. ಹಾಗಾದರೆ ಯಾರು ಹೇಳಿದರು? ಅದೇ ಪ್ರಶ್ನೆ, ಮತ್ತೆ ಮತ್ತೆ. ನಾನು ಬಂದ ದೇಶ ಯಾವುದು, ನಮ್ಮವರ ಸ್ನೇಹಿತರು ಯಾರು ಎಂದೆಲ್ಲ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರೂ, ಕದ್ದು ಸಿಕ್ಕಿಬಿದ್ದವಳ ಹಾಗೆ ಬೆವರುತ್ತಿದ್ದೆ.

“ಯಾರೋ ನಿಮ್ಮವರೇ ಬಾಯಿಬಿಟ್ಟಿರಬೇಕು ಅಂತೀರಾ?” ಎಂದು ಕೊನೆಗೆ ರೇಗಿ ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಮೇಡಂ, ಆ ಮಧ್ಯಾಹ್ನ ಅದು ನಮಗೇ ಗೊತ್ತಿರಲಿಲ್ಲ. ನಿರ್ಧಾರವೇ ಆಗಿರಲಿಲ್ಲ.”

ಮರುದಿನ ಕ್ಯಾರಲ್ ಅಳುತ್ತ ಫೋನ್ ಮಾಡಿದಳು. ಅವಳ ಗಂಡನನ್ನೂ ಕರೆಸಿ ವಿಚಾರಿಸುತ್ತಿದ್ದರು. ನೌಕರಿಗೇ ಸಂಚಕಾರ ಬರುವ ಹಾಗಿತ್ತು. “ನಾನು ನಿನಗೇನು ಅನ್ಯಾಯ ಮಾಡಿದ್ದೆ? ನನ್ನ ಹೆಸರು ಯಾಕೆ ಹೇಳಿದೆ?”

“ಸುಮ್ನ ಊಹಾ ಮಾಡಿದೆ ಅಂತ ಹೇಳಿಬಿಡು,” ಅಂದರು ನಮ್ಮವರು. “ಅವರಿಗೂ ಅದ ಬೇಕಾಗೇದ.”

ಹಾಗೆಯೇ ಹೇಳಿದೆ. ಅಷ್ಟು ಸಲ ಬದಲಾಗಿತ್ತು, ಇನ್ನೊಮ್ಮೆ ಬದಲಾದೀತು ಅನ್ನಿಸಿತು; ಮ್ಯಾನೇಜರ್ ಒಪ್ಪಲಿಕ್ಕಿಲ್ಲವೆಂದು ಕ್ಯಾರಲ್ ಹೆಸರು ಬಳಸಿದೆ ಎಂದೆ. ಸತ್ಯವನ್ನು ಅಷ್ಟು ಹಿಂಜಿದ ಮನುಷ್ಯ ಆ ಸುಳ್ಳನ್ನು ಒಂದೇ ಮಾತಿಗೆ ಒಪ್ಪಿ, ಕೈಕುಲುಕಿ ಹೋದರು. ಪಿಯಾನೊ ಒಂದು ಗೀರೂ ಬೀಳದೆ ಜರ್ಮನಿ ಸೇರಿತು. ಕ್ಯಾರಲ್ ಮತ್ತೆ ಯಾವತ್ತೂ ನನ್ನೊಡನೆ ಮಾತಾಡಲಿಲ್ಲ. ಅವಳ ಪಾಲಿಗೆ ನಾನು ಅವಳ ಹೆಸರು ಹೇಳಿ ಸಂಸಾರ ಕೆಡಿಸಲು ಹೊರಟ ಸುಳ್ಳುಗಾತಿ.

ಎಷ್ಟೋ ವರ್ಷಗಳ ನಂತರ ಲಂಡನ್ನಿನ ಸಟನ್‌ನಲ್ಲಿ ಕನ್ನಡದವರ ಮನೆಯೊಂದರಲ್ಲಿ ಯುಗಾದಿ ಊಟಕ್ಕೆ ಸೇರಿದ್ದಾಗ ಇದನ್ನು ಹೇಳಿದೆ. ಮೈಸೂರಿನ ಕಡೆಯ ಹಿರಿಯ ಡಾಕ್ಟರೊಬ್ಬರು, “ಅದು ಆಯಾಸ ಕಣಮ್ಮ. ತುಂಬಾ ದಣಿದಾಗ ಮೆದುಳು ಹೀಗೆಲ್ಲ ಆಟ ಆಡುತ್ತೆ,” ಎಂದರು.

“ದಣಿದವರಿಗೆ ಇಲ್ಲದವರು ಕಾಣಬಹುದು ಡಾಕ್ಟ್ರೇ. ಇನ್ನೂ ಆಗದೇ ಇರೋ ವಿಷಯ ಹೇಗೆ ಗೊತ್ತಾಗುತ್ತೆ?”

ಅವರು ಚಿತ್ರಾನ್ನ ಬಡಿಸಿಕೊಂಡರು.

ಅದು ಊಹೆಯೇ ಇರಬೇಕು ಎಂದು ನಾನೂ ನಂಬಲು ನೋಡಿದ್ದೇನೆ, ಆಗಿಲ್ಲ. ಬಂದವಳು ಯಾರು ಎಂದು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಆದರೆ ಒಂದು ಸಿಟ್ಟು ಇನ್ನೂ ಇಳಿದಿಲ್ಲ. ಅಷ್ಟು ದೂರ ಬಂದವಳು, ಟೀ ಕುಡಿಯುವಷ್ಟು ಹೊತ್ತು ಕೂತವಳು, ಹೋಗುವ ಮುಂಚೆ ಬ್ರಯನ್‌ಗೂ ಒಮ್ಮೆ ಮುಖ ತೋರಿಸಿ ಹೋಗಬಾರದಿತ್ತೇ?