ಜರ್ಮನಿಯ ಕ್ಷೇತ್ರವೂ ನಮ್ಮ ತೋಡಿನ ಮೋರಿಯೂ

ಜರ್ಮನಿಯ ಸಂಸತ್ತಿನ ಒಂದು ಮತಕ್ಷೇತ್ರದ ಚರಿತ್ರೆಯನ್ನು ತಿಳಿದುಕೊಳ್ಳುವುದಕ್ಕೆ ನನಗೆ ತಗಲಿದ ಖರ್ಚು ಎರಡು ಕಟ್ಟು ಹಲಸಿನ ಹಪ್ಪಳ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಮತ್ತು ಇವೆರಡನ್ನೂ ಕೊಂಡ ಬೆಲೆಗಿಂತ ದೊಡ್ಡದಾದ ಪಾರ್ಸೆಲ್ ಚಾರ್ಜು. ಕಾರಣ ಹೇಳಿದರೆ ನೀವು ನಗಬಹುದು; ನಗುವುದಕ್ಕೆ ಖರ್ಚಿಲ್ಲ, ನಗಿ. ಬೆಳ್ಳಾರೆಯಲ್ಲಿ ಹಳೆ ಟಯರು ಮಾರಿದಲ್ಲಿಂದ ಹಿಡಿದು ಕಡಬದ ದಾರಿಯಲ್ಲಿ ಸಿಮೆಂಟು, ಹಂಚಿನ ಅಂಗಡಿ ಇಟ್ಟಲ್ಲಿಯವರೆಗೆ ನಾನು ಪಾಲಿಸಿಕೊಂಡು ಬಂದ ಶಾಸ್ತ್ರ ಒಂದೇ: ಇನ್ನೊಂದು ಅಂಗಡಿಯ ರೇಟು ತಿಳಿಯದೆ ಚೌಕಾಸಿಗೆ ಇಳಿಯಬಾರದು.

ಈ ಸಲದ ಚೌಕಾಸಿ ಗಡಿಯದ್ದು. ನನ್ನ ಅಂಗಡಿ ತೋಡಿನ, ಅಂದರೆ ಊರ ಹಳ್ಳದ, ಈಚೆ, ಪಂಚಾಯತಿನ ಒಂದನೇ ವಾರ್ಡಿನಲ್ಲಿ. ಅಲ್ಲಿಗೆ ಲಾರಿ ದಾಟಿ ಬರಬೇಕಾದ ಕಿರುಸೇತುವೆ, ಅಂದರೆ ನಮ್ಮ ಮೋರಿ, ಮಾತ್ರ, ಯಾವ ಮಹಾನುಭಾವರ ಪೆನ್ಸಿಲು ಜಾರಿತೋ, ಎರಡನೇ ವಾರ್ಡಿನಲ್ಲಿ. ಅದು ಕುಸಿದ ಮೇಲೆ ಚೀಲಗಳನ್ನು ತಲೆಹೊರೆಯಲ್ಲಿ ದಾಟಿಸುತ್ತ ವ್ಯಾಪಾರ ಅರ್ಧಕ್ಕಿಳಿದಿತ್ತು. ನಮ್ಮ ಮೆಂಬರು "ಮೋರಿ ನನ್ನದಲ್ಲ" ಎಂದರೆ, ಆಚೆ ವಾರ್ಡಿನ ಮೆಂಬರು ಲಲಿತಕ್ಕ "ಅಂಗಡಿ ನನ್ನದಲ್ಲ" ಎನ್ನುತ್ತಿದ್ದರು. ತಾಲೂಕು ಕಡಬ, ಶಾಸಕರು ಸುಳ್ಯದವರು, ಉಪವಿಭಾಗ ಪುತ್ತೂರು. ಹೀಗೆ ಮೂರು ಪೇಟೆಗಳ ಆಶ್ರಯದಲ್ಲಿರುವ ಪುಣ್ಯವಂತರಾದ ನಮ್ಮಲ್ಲಿ ಒಂದು ಮೋರಿಗೆ ಮಾತ್ರ ವಾರಸುದಾರರಿರಲಿಲ್ಲ.

ವಾರ್ಡುಗಳ ಗಡಿ ಹೊಸದಾಗಿ ಬರೆಯುತ್ತಾರೆ, ಆಕ್ಷೇಪಣೆ ಇದ್ದವರು ಕೊಡಬಹುದು ಎಂಬ ನೋಟೀಸು ಬಿದ್ದದ್ದೇ, ಜರ್ಮನಿಯಲ್ಲಿ ನರ್ಸಾಗಿರುವ ತಂಗಿಯ ಮಗಳು ಸಫಿಯಾಳಿಗೆ ಫೋನು ಮಾಡಿ, ಅಲ್ಲಿ ಗೆರೆ ಎಳೆಯುದು ಹೇಗೆ ಎಂದು ಕೇಳಿದೆ.

"ಮಾಮ, ನಿಮಗೆ ಮೋರಿ ಬೇಕಾ, ಜರ್ಮನಿ ಬೇಕಾ?"

"ರೇಟು ಬೇಕು. ಹಪ್ಪಳ ಕಳಿಸ್ತೇನೆ."

ಹಪ್ಪಳ ತಲುಪಿದ ಮೇಲೆ ಚರಿತ್ರೆ ಬಂತು. ಅವಳ ಪಟ್ಟಣದ ಕ್ಷೇತ್ರದ ನಂಬರು ಹಲವು ಸಲ ಬದಲಾಗಿದೆ. ಜನ ಹೆಚ್ಚಿದಾಗ ಅಂಚಿನ ಹಳ್ಳಿಗಳನ್ನು ಪಕ್ಕದ ಕ್ಷೇತ್ರಕ್ಕೆ ದಾಟಿಸಿದ್ದಾರೆ, ಕಡಿಮೆಯಾದಾಗ ಮರಳಿ ತಂದಿದ್ದಾರೆ. ಒಂದು ಹಳ್ಳಿಯಂತೂ ಮುನಿಸಿಕೊಂಡ ಅಳಿಯನಂತೆ ಹೋಗಿ, ಬಂದು, ಮತ್ತೆ ಹೋಗಿದೆ. ಅಷ್ಟು ಶಿಸ್ತಿನ ದೇಶದಲ್ಲಿಯೂ ಗೆರೆ ಹಾಕಿದಲ್ಲಿ ನಿಲ್ಲುವುದಿಲ್ಲವೆಂದು ತಿಳಿದು ನನಗಾದದ್ದು, ಎದುರಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಎಂದು ಗೊತ್ತಾದ ಗಿರಾಕಿಯ ಆನಂದ.

ವಿಚಾರಣೆಯ ದಿನ ತಾಲೂಕು ಕಚೇರಿಯಲ್ಲಿ ಇದನ್ನೆಲ್ಲ ಸವಿಸ್ತಾರವಾಗಿ ಮಂಡಿಸಿದೆ. ಅಧಿಕಾರಿ ಕನ್ನಡಕ ತೆಗೆದು, "ನೀವು ಓಟು ಹಾಕುದು ಜರ್ಮನಿಯಲ್ಲಿಯಾ?" ಎಂದರು.

"ಇಲ್ಲೇ, ಸಾರ್."

"ಮತ್ತೆ ನಿಮಗೆ ಎಂತ ಆಗಬೇಕು ಮಾರಾಯ್ರೆ?"

ಅಂಗಡಿಯೂ ಮೋರಿಯೂ ಒಂದೇ ವಾರ್ಡಿನಲ್ಲಿ ಇರಬೇಕು ಎಂದೆ. ಬರೆದುಕೊಂಡರು; ಆಶ್ಚರ್ಯವೆಂದರೆ, ಮಾಡಿಯೂ ಕೊಟ್ಟರು. ಮೋರಿಯನ್ನು ಈಚೆ ತರುವ ಬದಲು ನನ್ನ ಅಂಗಡಿಯನ್ನೇ ಆಚೆ ಹಾಕಿದರು. ಯಾವ ವಾರ್ಡು ಎಂದು ಹೇಳುವುದು ಜರ್ಮನಿಯ ಭರದಲ್ಲಿ ನನಗೆ ಮರೆತೇ ಹೋಗಿತ್ತು.

ಚುನಾವಣೆಯಲ್ಲಿ ಲಲಿತಕ್ಕನೇ ಮತ್ತೆ ಗೆದ್ದರು. ಮೋರಿಯ ವಿಷಯ ಎತ್ತಿಕೊಂಡು ಅವರ ಜಗಲಿಗೆ ಹೋದೆ.

"ಅಂಗನವಾಡಿ ಸೋರ್ತದೆ, ನಾಲ್ಕು ಹಂಚು ಕೊಡಿ ಅಂತ ನಾನು ಬಂದಾಗ, ಅದು ನಮ್ಮ ವಾರ್ಡಲ್ಲ ಅಂದದ್ದು ನೆನಪುಂಟಾ?"

"ಉಂಟು."

"ಹಾಗಾದ್ರೆ ಕೂತ್ಕೊಳ್ಳಿ, ಚಾ ಕುಡಿಯಿರಿ. ಮೊದಲು ಹಂಚು, ಮತ್ತೆ ಮೋರಿ."

ಜನ್ಮದಲ್ಲಿ ಮೊದಲ ಬಾರಿಗೆ ನಾನು ಚೌಕಾಸಿ ಮಾಡಲಿಲ್ಲ. ಮಾರನೆಯ ವಾರ ಹಂಚು ಹೋಯಿತು. ಬೇಸಗೆಗೆ ಮೋರಿಯೂ ಆಯಿತು.

ಆದ್ದರಿಂದ ಓದುಗ ಮಹಾಶಯರೇ, ಗೆರೆ ಸರಿಸಲು ಅರ್ಜಿ ಕೊಡುವವರಿದ್ದರೆ ಎತ್ತ ಸರಿಸಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಬರೆಯುವ ಮೊದಲು ಎರಡೂ ದಡಗಳಲ್ಲಿ ಒಂದೊಂದು ಲೋಟ ಚಾ ಕುಡಿದು ಬನ್ನಿ. ಜರ್ಮನಿಗೆ ಹಪ್ಪಳ ಕಳಿಸಲೇಬೇಕೆಂದಿಲ್ಲ. ಆದರೆ ತೋಡು ದಾಟಿ ಯಾರಾದರೂ ನಾಲ್ಕು ಹಂಚು ಕೇಳಲು ಬಂದರೆ, ದಯವಿಟ್ಟು ವಾರ್ಡಿನ ನಂಬರು ಕೇಳಬೇಡಿ.